ಹತ್ತು ಗಜದ ಸರಪಳಿ

ಸೋಮವಾರ ಬೆಳಿಗ್ಗೆ ಆರೂವರೆಗೆ
ಲೊರೆಟ್ಟಾಳ ಹೋಟೆಲಿನ ಉದ್ದ ಮೇಜಿನ ಮೇಲೆ
ಶುಕ್ರವಾರದ ಪಂದ್ಯ ಮತ್ತೆ ಶುರು.
ಉಪ್ಪಿನ ಡಬ್ಬಿ ನಮ್ಮ ಕ್ವಾರ್ಟರ್‌ಬ್ಯಾಕ್,
ಮೆಣಸಿನದು ಅವನನ್ನು ಕೆಡವಲು ಬರುವವನು,
ಐದು ಸಕ್ಕರೆ ಪೊಟ್ಟಣ ನಮ್ಮ ಗೋಡೆ.
ರುಸ್ನಾಕ್ ಉಫ್ ಎಂದು ಊದುತ್ತಾನೆ.
ಗೋಡೆ ಬೀಳುತ್ತದೆ.
"ನೋಡಿದಿರಾ? ಇಷ್ಟೇ ಕತೆ."

ಐದು ಪಂದ್ಯ, ಒಟ್ಟು ಹದಿಮೂರು ಅಂಕ.
ಓಹಾಯೋ ನದಿಯ ಈ ದಂಡೆಯಲ್ಲಿ
ಇಷ್ಟು ಬಡವಾದ ಅಕ್ಟೋಬರ್ ಯಾರಿಗೂ ನೆನಪಿಲ್ಲ.

"ಕೋಚ್ ಹಫ್‌ನ ಪುಸ್ತಕದಲ್ಲಿ ಮೂರೇ ಪುಟ:
ಎಡಕ್ಕೆ ಓಡು, ಬಲಕ್ಕೆ ಓಡು,
ಚೆಂಡು ಒದ್ದು ಕೈತೊಳೆದುಕೋ."
"ಹುಡುಗನಿಗೆ ತೋಳಿದೆ, ಎದೆಯಿಲ್ಲ."
"ಎದೆಯಿದೆ ಕಣಯ್ಯಾ, ಪುರುಸೊತ್ತಿಲ್ಲ.
ಒಂದು, ಎರಡು ಎನ್ನುವಷ್ಟರಲ್ಲಿ
ಮೈಮೇಲೆ ನಾಲ್ಕು ಜನ."
ವಿಮೆ ಮಾರುವ ಸ್ಟಿಪಾನೊವಿಚ್ ಮೊಟ್ಟೆ ನುಂಗಿ ಹೇಳಿದ:
"ಮೈದಾನವೇ ನದಿಯ ಕಡೆ ವಾಲಿದೆ."
ಕುಣಿಯಲಾರದವರಿಗೆ ಅಂಗಳ ಡೊಂಕು, ಸರಿ.
ಎದುರಾಳಿಯೂ ಅದೇ ಅಂಗಳದಲ್ಲಿ ಕುಣಿದನಲ್ಲ,
ಮೂವತ್ತೊಂದು ಅಂಕ.

ನಾನು ಬಾಯಿ ಬಿಡುವುದಿಲ್ಲ.
ಇಪ್ಪತ್ತಾರು ವರ್ಷದಿಂದ
ಗೆರೆಯಾಚೆ ಅಳತೆಯ ಸರಪಳಿಯ ಒಂದು ಕೋಲು ಹಿಡಿದವನು ನಾನು.
ನಾಲ್ಕು ಸಲದೊಳಗೆ ಹತ್ತು ಗಜ ದಾಟಿದರೆ ನಡೆಯಬೇಕು,
ದಾಟದಿದ್ದರೆ ನಿಂತಲ್ಲೇ ನಿಂತಿರಬೇಕು.
ಹತ್ತು ಗಜ:
ಮೆಟ್ಟಿಲ ಮೇಲೆ ಕೂತವರಿಗೆ ಅಳತೆ,
ಕೆಳಗೆ ಹೊರುವವರಿಗೆ ಆನೆ.
ಈ ವರ್ಷ ನನ್ನ ಬೂಟು ಸವೆದದ್ದೆಲ್ಲ
ಬೇರೆ ಊರಿನ ಹುಡುಗರಿಗಾಗಿ.

ನನಗೆ ಗೊತ್ತಿರುವುದು ಇಷ್ಟು.
ಎಡಗಡೆ ಕೊನೆಯಲ್ಲಿ ಬಾಗುವ ವೆಸ್ಲಿ ಡ್ರಮಂಡ್,
ಹದಿನೇಳು ವರ್ಷ, ನೂರಿಪ್ಪತ್ತು ಕಿಲೋ,
ಅಣ್ಣನ ಹಳೇ ಬೂಟು, ಒಂದು ಅಳತೆ ದೊಡ್ಡದು.
ಓಟದ ಆಟವಾದರೆ ಮೊದಲೇ
ಹಿಮ್ಮಡಿ ಎತ್ತಿ ಪಾದ ಒಳಗೆ ತಳ್ಳುತ್ತಾನೆ.
ಎಸೆತವಾದರೆ ಎತ್ತುವುದಿಲ್ಲ.
ಅಷ್ಟೇ.
ಮೂರನೇ ವಾರ ಎದುರಿನ ದಪ್ಪನೆಯವನು
ಪಕ್ಕದವನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು:
"ಹಿಮ್ಮಡಿ ನೋಡು."

ಸರಪಳಿ ಹಿಡಿದವನು ಯಾರ ಕಡೆಯವನೂ ಅಲ್ಲ.
ಕೋಲು ಕೈಗೆ ಕೊಟ್ಟ ದಿನವೇ ಹೇಳಿದ್ದರು,
ಚಪ್ಪಾಳೆ ತಟ್ಟುವಂತಿಲ್ಲ, ಬೈಯುವಂತಿಲ್ಲ.
ಬೂಟಿನಂಗಡಿಯ ಗಾಜಿನ ಮುಂದೆ
ಎರಡು ಸಲ ನಿಂತು ಬಂದಿದ್ದೇನೆ.
ಬೂಟು ಕೊಡಿಸಿದರೆ ಮಾತಾಡಿದ ಹಾಗೆ ಆಗುತ್ತದೆಯೇ?
ನಿಯಮದ ಪುಸ್ತಕದಲ್ಲಿ ಹುಡುಕಿದೆ. ಬರೆದಿಲ್ಲ.
ಬೆಲೆಯ ಚೀಟಿಯಲ್ಲಿ ಬರೆದಿತ್ತು, ತೊಂಬತ್ತನಾಲ್ಕು ಡಾಲರ್.

ಮುಂದಿನ ಶುಕ್ರವಾರ, ಮಂಜು, ಕೊನೆಯ ನಾಲ್ಕು ನಿಮಿಷ.
ನಾಲ್ಕನೇ ಸಲ. ರಾಶಿಬಿದ್ದ ಮೈಗಳ ಕೆಳಗಿಂದ
ಚೆಂಡು ಹೊರಬಂತು, ಕೆಸರುಂಡೆ.
ನಮ್ಮನ್ನು ಕರೆದರು.
ಎರಡು ಸಾವಿರ ಜನ ಉಸಿರು ಹಿಡಿದಾಗ
ಸರಪಳಿಯ ಕೊಂಡಿಗಳ ಸದ್ದು
ಊರಿಗೇ ಕೇಳುತ್ತದೆ.
ಎಳೆದು ನಿಲ್ಲಿಸಿದೆವು.
ಮೂರು ಬೆರಳು ಕಡಿಮೆ.
ವೆಸ್ಲಿ ನನ್ನ ಕೋಲನ್ನೇ ನೋಡಿದ,
ಆಮೇಲೆ ನನ್ನ ಮುಖ.

ಸೋಮವಾರ ಮೇಜಿನ ಮೇಲೆ ಹೊಸ ವಾದ.
ರುಸ್ನಾಕ್ ಕಪ್ಪು ಕೆಳಗಿಟ್ಟು ನನ್ನತ್ತ ತಿರುಗಿದ:
"ಬೇಜಾರು ಮಾಡ್ಕೋಬೇಡ ಎಲ್ವುಡ್,
ಆ ನಿನ್ನ ಸರಪಳಿಯೇ ಉದ್ದ ಇರಬೇಕು."
ಎಲ್ಲರೂ ನಕ್ಕರು. ಕೆಲವರು ನಗಲಿಲ್ಲ.
ಲೊರೆಟ್ಟಾ ಕಾಫಿ ಸುರಿಯುತ್ತ ನಿಂತೇ ಇದ್ದಳು.

ಆ ರಾತ್ರಿ ಶಾಲೆಯ ಶೆಡ್ಡಿನ ಬೀಗ ತೆಗೆದು
ಸಿಮೆಂಟು ನೆಲದ ಮೇಲೆ ಅದನ್ನು ಬಿಡಿಸಿದೆ.
ಟಾರ್ಚು ಹಲ್ಲಲ್ಲಿ ಕಚ್ಚಿ,
ಮಂಡಿಯೂರಿ, ಟೇಪು ಹಿಡಿದು
ಒಂದೊಂದೇ ಗಜ ಅಳೆಯುತ್ತ ಹೋದೆ.
ಒಂಬತ್ತಕ್ಕೆ ಬಂದಾಗ ಕೈ ನಿಂತಿತು.
ಉದ್ದವೇ ಇರಲಿ ಎಂದು
ನನ್ನೊಳಗೆ ಯಾರೋ ಜೋರಾಗಿ ಕೂಗುತ್ತಿದ್ದ.