ಖಾಲಿ ಹೊಟ್ಟೆ

ಬೆಳಗಿನ ಐದೂಮುಕ್ಕಾಲಿಗೆ ನನ್ನ ಹಳೇ ಮಾರುತಿ
ಸುಭಾಷ್‌ನಗರದ ಮೂರನೇ ಕ್ರಾಸಿಗೆ ತಿರುಗಿದರೆ
ಸ್ವರ್ಣಸಂದ್ರದವರೆಗೂ ಗೊತ್ತಾಗುತ್ತಿತ್ತು,
ರಕ್ತದವಳು ಬಂದಳು ಅಂತ.

ಸೈಲೆನ್ಸರ್ ತೂತಾಗಿ ಆರು ತಿಂಗಳು.
ಮೊದಲು ಎಂ-ಸೀಲ್ ಮೆತ್ತಿದೆ,
ಆಮೇಲೆ ಹಾಲಿನಪುಡಿ ಡಬ್ಬದ ತಗಡು ಸುತ್ತಿ
ತಂತಿ ಬಿಗಿದೆ. ಯುಗಾದಿಯವರೆಗೆ ತಡೆಯಿತು.
ಒಂದಿನ ಅದೂ ಕಳಚಿ
ನೂರಡಿ ರಸ್ತೆಯ ಹಂಪ್ಸಿನಲ್ಲಿ ಟಣ್ ಅಂತ ಬಿತ್ತು.
ಪೇಪರ್ ಹುಡುಗ ಎತ್ತಿ ಕೊಟ್ಟ,
"ಮೇಡಂ, ನಿಮ್ಮ ಪಾತ್ರೆ."

ಸದ್ದಿನಿಂದ ಲಾಭವೂ ಇತ್ತು, ಸುಳ್ಳಾಡಲಾರೆ.
ಬೆಲ್ ಒತ್ತಬೇಕಿರಲಿಲ್ಲ.
ಬಾಕ್ಸು ಹಿಡಿದು ಗೇಟು ದಾಟುವಷ್ಟರಲ್ಲಿ
ಶುಗರಿನವರು ಜಗಲಿಯಲ್ಲಿ ತೋಳು ಮಡಿಸಿ ಸಿದ್ಧ,
ವ್ರತಕ್ಕೆ ಕೂತವರ ಹಾಗೆ.
ಏನೂ ತಿಂದಿಲ್ಲ ತಾನೆ?
ಹನಿ ನೀರೂ ಇಲ್ಲ ಕಣವ್ವ.

ತಲೆನೋವು ಶುರುವಾಗದಿದ್ದರೆ ಇನ್ನೂ ತಳ್ಳುತ್ತಿದ್ದೆನೇನೋ.
ಹೊಗೆ ಕಾರಿನೊಳಗೇ ಬರುತ್ತಿತ್ತು,
ಕಿಟಕಿ ಇಳಿಸಿದರೆ ಚಳಿ, ಏರಿಸಿದರೆ ವಾಕರಿಕೆ.
ಭಾನುವಾರ ಗುತ್ತಲು ರಸ್ತೆಗೆ ಹೋದೆ.

ಜಬೀವುಲ್ಲಾ ಅಂಗಾತ ಮಲಗಿ ಅಡಿಗೆ ತೂರಿ
ಸುತ್ತಿಗೆಯಲ್ಲಿ ಮೆಲ್ಲಗೆ ಒಂದು ತಟ್ಟಿದ.
ಅಷ್ಟಕ್ಕೇ ಉದುರಿತು ಅವನ ಗಡ್ಡದ ಮೇಲೆ
ಒಂದು ಹಿಡಿ ಕೆಂಪು ಹುಡಿ.
"ವೆಲ್ಡಿಂಗ್ ಮಾಡಿಬಿಡಪ್ಪ, ಸಾಕು," ಅಂದೆ.
"ಬೆಸುಗೆ ಕಚ್ಕೊಳ್ಳೋಕೆ ಕಬ್ಬಿಣ ಬೇಕಲ್ಲಕ್ಕ,
ಇಲ್ಲಿರೋದು ಬರೀ ತುಕ್ಕು."

ಬೋಲ್ಟುಗಳು ಬರಲಿಲ್ಲ. ಸೀಮೆಎಣ್ಣೆ ಕುಡಿಸಿ,
ಗ್ಯಾಸಿನಲ್ಲಿ ಕಾಯಿಸಿ, ಬಯ್ದು,
ಕೊನೆಗೆ ಕತ್ತರಿಸಿದ. ಕಿಡಿ ನನ್ನ ಚಪ್ಪಲಿವರೆಗೂ ಬಂತು.
ಹಳೇ ಸೈಲೆನ್ಸರನ್ನು ಮೋರಿಗೆ ಬಗ್ಗಿಸಿದರೆ
ಅರ್ಧ ಲೋಟ ಕಪ್ಪು ನೀರು.
"ನೀವು ದೂರ ಓಡಿಸಲ್ಲ. ಮನೆಯಿಂದ ಮನೆಗೆ,
ಪೈಪು ಬಿಸಿಯಾಗೋ ಮುಂಚೆ ಆಫ್ ಮಾಡ್ತೀರಿ.
ನೀರು ಆವಿಯಾಗೋಕೆ ಪುರುಸೊತ್ತು ಕೊಡಲ್ಲ,
ಒಳಗೊಳಗೇ ತಿಂದಾಕ್ತದೆ.
ವಾರಕ್ಕೊಂದ್ಸಲ ಮೈಸೂರಿಗಾದ್ರೂ ಹೋಗ್ಬನ್ನಿ."
ಮೈಸೂರಲ್ಲಿ ನನಗೆ ಯಾರಿದ್ದಾರೆ,
ಅದನ್ನು ಅವನಿಗೆ ಹೇಳಲು ಹೋಗಲಿಲ್ಲ.
ಹೊಸದಕ್ಕೆ ಎರಡು ಸಾವಿರದ ಇನ್ನೂರು,
ನೇತುಹಾಕುವ ರಬ್ಬರು ಬಳೆ ಎರಡು ಪುಕ್ಕಟೆ.

ಸೋಮವಾರ ಕಾರು ಸ್ಟಾರ್ಟಾಗಿದ್ದೇ ತಿಳಿಯದೆ
ಇನ್ನೊಂದು ಸಲ ಕೀ ತಿರುಗಿಸಿ ಕಿರ್ರೆನ್ನಿಸಿದೆ.
ನಾಲೆಯ ನೀರು ಹರಿಯುವುದು ಕೇಳಿತು,
ಹಿಂದಿನ ಸೀಟಿನಲ್ಲಿ ನಳಿಕೆಗಳು
ಒಂದಕ್ಕೊಂದು ತಾಕುವುದೂ.

ಮೊದಲ ಮನೆ ಪುಟ್ಟಮಾದಪ್ಪನವರದು.
ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ಮೂವತ್ತೆರಡು ವರ್ಷ ಕಬ್ಬಿನ ಗಾಡಿ ತೂಗಿದವರು.
ಗೇಟು ತೆಗೆದೆ.
ಕಂಬಕ್ಕೆ ಒರಗಿ, ಪಂಚೆಯ ಮಡಿಲಲ್ಲಿ
ಅಚ್ಚುಬೆಲ್ಲ ಇಟ್ಟುಕೊಂಡು,
ಕಣ್ಣು ಮುಚ್ಚಿ, ಅವಸರವಿಲ್ಲದೆ ಚೀಪುತ್ತಿದ್ದರು.
ಒಂದು ಕೆನ್ನೆ ಉಬ್ಬಿತ್ತು.

ಕಣ್ಣು ಬಿಟ್ಟರೆ ನಾನು.
ನುಂಗಲಿಲ್ಲ, ಉಗಿಯಲೂ ಇಲ್ಲ.
"ಕಾರೆಲ್ಲವ್ವ?"
"ರಿಪೇರಿ ಮಾಡಿಸಿದೆ."
"ಒಂದು ಮಾತು ಹೇಳ್ಬಾರ್ದಾಗಿತ್ತಾ."

ಯಾರು ಬಂದ್ರು ಮಾವ, ಒಳಗಿಂದ ಸೊಸೆ.
ಅವರು ನನ್ನ ಮುಖ ನೋಡಿದರು,
ಮುಳ್ಳು ಎಲ್ಲಿ ನಿಲ್ಲುವುದೋ ಎಂದು ಕಾಯುವವರಂತೆ.
ಆರು ತಿಂಗಳ ರಿಪೋರ್ಟು: ನೂರ ತೊಂಬತ್ತು, ಇನ್ನೂರ ಹತ್ತು,
ಏರಿಸಿದ ಮಾತ್ರೆ, ಮತ್ತೆ ಏರಿಸಿದ ಮಾತ್ರೆ,
ಯಾಕಿಳೀತಿಲ್ಲ ಅಂತ ಡಾಕ್ಟರಿಗೆ ನನ್ನ ಯಂತ್ರದ ಮೇಲೇ ಅನುಮಾನ.

ಸಿರಿಂಜು ಬಿಚ್ಚಲಿಲ್ಲ.
"ನಾಳೆ ಬರ್ತೀನಿ. ಇವತ್ತಿದು ಮುಗಿಸ್ಕೊಳಿ."

ಮಂಗಳವಾರ ಟ್ರಾನ್ಸ್‌ಫಾರ್ಮರ್ ಪಕ್ಕ ನಿಲ್ಲಿಸಿ
ಹಾರನ್ ಹೊಡೆಯಲೋ ಬೇಡವೋ ಅಂತ ಕೂತೆ.
ಹೊಡೆಯಲಿಲ್ಲ.
ತೋಳು ಮಡಿಸಿ, ಶಾಲು ಹೊದ್ದು, ಗೇಟನ್ನೇ ನೋಡುತ್ತಿದ್ದರು.
"ನಾಲ್ಕು ಗಂಟೆಯಿಂದ ಕೂತಿವ್ನಿ ಕಣವ್ವ,
ನಿನ್ ಕಾರು ಇನ್ಮ್ಯಾಕೆ ನಂಬಂಗಿಲ್ಲ."
ನೂರ ಮೂವತ್ತೆಂಟು.

ಆ ಭಾನುವಾರ, ಪೈಪು ಬಿಸಿಯಾಗಲಿ ಅಂತಷ್ಟೇ,
ಶ್ರೀರಂಗಪಟ್ಟಣದವರೆಗೆ ಹೋದೆ.
ಹೊಳೆ ಪಕ್ಕ, ಎಂಜಿನ್ ಆಫ್ ಮಾಡದೆ,
ನಿಂತೇ ಒಂದು ಟೀ ಕುಡಿದೆ,
ಸಕ್ಕರೆ ಜಾಸ್ತಿ ಹಾಕಿಸಿ.