ನಾಲ್ಕನೇ ಜ್ವರ

ಶಿಡ್ಲಘಟ್ಟದಲ್ಲಿ ಜ್ವರಕ್ಕೆ ಎರಡರ್ಥ.
ರೇಷ್ಮೆಹುಳು ಮೇವು ಬಿಟ್ಟು, ತಲೆ ಎತ್ತಿ,
ಹಳೇ ಚರ್ಮ ಕಳಚಲು ಕೂತರೆ ಅದು ಜ್ವರ;
ನಾಲ್ಕು ಸಲ ಬರುತ್ತದೆ, ನಾಲ್ಕು ಸಲವೂ ಒಳ್ಳೆಯದು.
ಇನ್ನೊಂದು, ಈ ಆಗಸ್ಟಿನದು,
ಸರ್ಕಾರಿ ಆಸ್ಪತ್ರೆಯ ಮಂಚ ಸಾಲದೆ
ಬೆಂಚಿನ ಮೇಲೂ ಮಲಗಿದೆ.

ನಗರಸಭೆಯಲ್ಲಿ ನನಗೆ ಕೊಟ್ಟದ್ದು ಐದು ನಿಮಿಷ.
ವಿಷಯ ಹನ್ನೊಂದು: ಸೊಳ್ಳೆಗೆ ಹೊಗೆ.
ಹನ್ನೆರಡು: ಸಂತೆ ಮಳಿಗೆಗಳ ಹರಾಜು.
ಇಪ್ಪತ್ತು ವರ್ಷ ಹುಳದ ಕರುಳು ನೋಡಿದವಳು ಹೇಳಿದೆ:
ಈ ಮದ್ದಿಗೆ ಸೊಳ್ಳೆ, ಹುಳು ಎಂಬ ಭೇದವಿಲ್ಲ.
ಗಾಳಿ ಬೀಸಿದ ಕಡೆಯ ಹುಳುಮನೆಗಳಲ್ಲಿ
ನೂರಕ್ಕೆ ಅರವತ್ತು, ಹತ್ತು ಹೆಚ್ಚು ಕಡಿಮೆ...

"ಹತ್ತು ಹೆಚ್ಚೋ, ಕಡಿಮೆಯೋ?" ಅಂದರು ಪಿಳ್ಳಾಂಜಿನಪ್ಪ.
ಅದನ್ನು ಬಿಡಿಸಿ ಹೇಳುವುದಕ್ಕೇ ಎರಡು ನಿಮಿಷ ಹೋಯಿತು.
ಹಿಂದಿನ ಸಾಲಿನಿಂದ ಯಾರೋ: "ಸೂಟಿಗಾ ಚೆಪ್ಪಮ್ಮಾ,
ಮಂದು ಕೊಟ್ಟಾಲಾ, ವದ್ದಾ?"

ನಾನು, ನನಗೆ ಕಲಿಸಿದ ಹಾಗೆ: ಗೊತ್ತಿರುವುದು ಇಷ್ಟು.
ತೀರ್ಮಾನ ನಿಮ್ಮದು.

ಆಗ ಎದ್ದವಳು ಖೈರುನ್ನೀಸಾ, ಒಂಬತ್ತನೇ ವಾರ್ಡು.
ಮನೆಯಲ್ಲಿ ನಾಲ್ಕು ಬಾಣಲೆಯ ರೀಲಿಂಗು,
ಗೂಡು ಬಾರದಿದ್ದರೆ ಒಲೆ ಆರುತ್ತದೆ;
ಮಗಳು ಆಸ್ಪತ್ರೆಯಲ್ಲಿ, ಪ್ಲೇಟ್‌ಲೆಟ್ ನಲವತ್ತು ಸಾವಿರ.
"ತೀರ್ಮಾನ ನಮ್ಮದು, ಸರಿ ಮೇಡಂ.
ನೀವು ಯಾರ ಪೈಕಿ?"

ಎಷ್ಟೋ ಸಮ್ಮೇಳನ, ಎಷ್ಟೋ ಪ್ರಶ್ನೆ.
ಇದಕ್ಕೆ ನನ್ನ ಬಳಿ ಸ್ಲೈಡು ಇರಲಿಲ್ಲ.

ಶುಕ್ರವಾರ ಟಾರ್ಚು ಹಿಡಿದು ಅವಳ ಜೊತೆ ಹೊರಟೆ.
ಇದು ಚರಂಡಿ ಸೊಳ್ಳೆಯಲ್ಲ, ತಿಳಿನೀರಿನದು,
ಹಗಲು ಕಚ್ಚುತ್ತದೆ,
ಸಂಜೆ ಹೊಗೆ ಬಿಡುವಾಗ ಮಂಚದಡಿ ಕೂತಿರುತ್ತದೆ.
ಮರಿ ಇಲ್ಲಿದೆ, ನೋಡು,
ಅಲ್ಪವಿರಾಮದ ಹಾಗೆ ಬಳುಕುತ್ತಾ.
ಟೈರು ಬಗ್ಗಿಸಿದೆವು, ಹೂಕುಂಡ, ಒಡೆದ ತೊಟ್ಟಿ.
ಹದಿನೇಳನೇ ಮನೆಯ ಮುದುಕಿ ಮಾತ್ರ
ನೀಲಿ ಡ್ರಮ್ಮಿಗೆ ಅಡ್ಡ ನಿಂತಳು:
"ಚೆಲ್ಲು ತಾಯಿ, ಚೆಲ್ಲು. ನಲ್ಲಿ ಬರೋದು ಇನ್ನೆಂಟು ದಿನಕ್ಕೆ.
ಅಲ್ಲೀಗಂಟ ನಿನ್ನ ಪಾಠ ಕುಡೀಲಾ?"

ಹಳೇ ಸೀರೆ ಕಟ್ಟಿ ಬಂದೆವು.
ಎಲ್ಲ ಡ್ರಮ್ಮಿಗೂ ಸೀರೆ ಸಿಗಲಿಲ್ಲ.

ರಾತ್ರಿ ನಮ್ಮ ಕೇಂದ್ರದ ಹುಳುಮನೆಯಲ್ಲಿ
ನಾಲ್ಕನೇ ಜ್ವರಕ್ಕೆ ಕೂತ ತಟ್ಟೆಗಳು.
ಮೇಯುವುದಿಲ್ಲ, ಅಲುಗುವುದಿಲ್ಲ,
ಚರ್ಮ ಬಿಗಿದಿದೆ, ಒಳಗಿನದು ದೊಡ್ಡದಾಗಿದೆ.
ಮೇಜಿನ ಮೇಲೆ ನಿರ್ದೇಶಕರ ಸುತ್ತೋಲೆ:
ಅನುಮತಿಯಿಲ್ಲದೆ ಸಾರ್ವಜನಿಕ ವೇದಿಕೆಗಳಲ್ಲಿ...
ಪೂರ್ತಿ ಓದಿದೆ. ಅವರದೂ ಸುಳ್ಳು ಭಯವಲ್ಲ;
ನನ್ನ ಅರವತ್ತನ್ನು ಎಂಬತ್ತು ಮಾಡಿ
ನಾಳೆ ಯಾರೋ ಮತ ಕೇಳಬಹುದು.

ಸೋಮವಾರ ರಜೆ ಚೀಟಿ ಬರೆದಿಟ್ಟು
ನಗರಸಭೆಗೆ ಅರ್ಜಿ ಒಯ್ದೆ, ಒಂದೇ ಸಾಲು:
ನಲ್ಲಿ ನೀರು ಒಂಬತ್ತು ದಿನಕ್ಕೊಮ್ಮೆ ಯಾಕೆ?
ನನ್ನ ಶಾಸ್ತ್ರದ ಪ್ರಶ್ನೆಯಲ್ಲ.
ಗುಮಾಸ್ತ ಪೆನ್ನು ಎತ್ತಿ ಹಿಡಿದ:
"ಏನಂತ ಬರ್ಕೊಳ್ಳಲಿ? ವಿಜ್ಞಾನಿ ಅಂತಲಾ,
ಇಲ್ಲಾ ಮನೆ ನಂಬರ್ ಹೇಳ್ತೀರಾ?"

ನಂಬರ್ ಹೇಳಿದೆ.
ನಮ್ಮ ಬೀದಿಗೂ ಒಂಬತ್ತು ದಿನಕ್ಕೇ.