ತುಂಡು ಬೀಜದ ಲೆಕ್ಕ

ಅಳಬೇಡ ಮಾರಾಯ್ತಿ, ಮೊದಲ ವಾರ ಎಲ್ಲರದ್ದೂ ಒಡೆಯುತ್ತದೆ.
ನನ್ನದು ಎಷ್ಟು ಒಡೆದಿತ್ತೆಂದರೆ
ಮೇಸ್ತ್ರಿ ಐತಪ್ಪಣ್ಣ ತಟ್ಟೆ ಎತ್ತಿ ನೋಡಿ
'ದೊರ್ಕಮ್ಮಾ, ಗೇರುಬೀಜ ಸುಲಿಯಲಿಕ್ಕೆ ಹೇಳಿದ್ದು,
ಉಪ್ಪಿಟ್ಟಿನ ರವೆ ಮಾಡಲಿಕ್ಕಲ್ಲ' ಎಂದಿದ್ದ.
ಅಂದು ನಕ್ಕವರೆಲ್ಲ ಈಗ ನನ್ನ ಗೆಳತಿಯರು.

ಬಾ, ಬೆಂಚಿನ ಈ ತುದಿಗೆ ಕೂತುಕೋ.
ಹನ್ನೊಂದರ ಮೇಲೆ ಕಿಟಕಿಯಿಂದ
ನೇತ್ರಾವತಿಯ ಗಾಳಿ ಸ್ವಲ್ಪ ಬರುತ್ತದೆ.
ಕತ್ತಿ ಹೀಗೆ ಹಿಡಿ. ಒತ್ತಬೇಡ.
ಬಿಟ್ಟುಹೋಗಲು ಸಿಪ್ಪೆಗೇ ಮನಸ್ಸುಂಟು,
ದಾರಿ ತೋರಿಸಿದರೆ ಸಾಕು.

ನಿನ್ನೆ ಬಸ್ಸಿನಲ್ಲಿ, ಜೆಪ್ಪುವಿನ ತಿರುವಿನಲ್ಲಿ,
ಕಂಬಿ ಹಿಡಿದು, ದನಿ ತಗ್ಗಿಸಿ ಕೇಳಿದೆಯಲ್ಲ:
'ದೊಡ್ಡಮ್ಮ, ದೇವರಿಗೆ ನನ್ನ ಬಗ್ಗೆ ಒಂದು ಯೋಜನೆ ಉಂಟು ಅಂತ
ಸಂಡೇ ಸ್ಕೂಲಿನಲ್ಲಿ ನೀವೇ ಬಾಯಿಪಾಠ ಮಾಡಿಸಿದ್ದು.
ಇದಾ ಅದು?'
ಅಷ್ಟರಲ್ಲಿ ನಿನ್ನ ಸ್ಟಾಪು ಬಂತು. ನಾನು ಬಚಾವಾದೆ.
ರಾತ್ರಿ ಗಂಜಿ ಸೇರಲಿಲ್ಲ.

ಅಪ್ಪನ ಡಯಾಲಿಸಿಸ್‌ಗೆ ಹೋಯಿತು ನಿನ್ನ ಕಾಲೇಜಿನ ಫೀಸು.
ಅದು ದೇವರ ಚಿತ್ತ ಎಂದು ನಾನು ಹೇಳಲಾರೆ.
ಹೇಳುವವರು ಸಿಗುತ್ತಾರೆ, ಚಾ ಕುಡಿಯುತ್ತಾ ಹೇಳುತ್ತಾರೆ.
ನನಗೆ ಗೊತ್ತಿರುವುದು ಅಷ್ಟು ದೊಡ್ಡದಲ್ಲ.
ಗೊತ್ತಿರುವುದು ಈ ಕೈ.

ಇಪ್ಪತ್ತಾರು ವರ್ಷ. ಮೊದಲ ಒಂಬತ್ತು ಕಟ್ಟಿಂಗ್ ಸೆಕ್ಷನ್ನಿನಲ್ಲಿ.
ಬೂದಿ ಸವರಿದರೂ ಹರಳೆಣ್ಣೆ ಹಚ್ಚಿದರೂ
ಸೊನೆ ಒಳಗಿಳಿಯುತ್ತದೆ. ಉಗುರಿನ ಸುತ್ತ
ಸೋಪಿಗೆ ಜಗ್ಗದ ಕಪ್ಪು.
ಕರ್ತನ ಭೋಜನದ ಭಾನುವಾರ
ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ
ಎಲ್ಲರೂ ಕೈ ಚಾಚಿದರೆ ನಾನು ಸೆರಗಿನೊಳಗೆ ಬಚ್ಚಿಡುತ್ತಿದ್ದೆ.
ಆಮೇಲೆ ಒಂದು ವರ್ಷ ಬೆಂಚಿನಿಂದ ಏಳಲೇ ಇಲ್ಲ.
ಜ್ವರ ಎಂದೆ. ಮಂಡಿನೋವು ಎಂದೆ.

ಒಂದು ಸಲ ಹೊಸ ಅಯ್ಯನವರು,
ವಾಚನದಲ್ಲಿ ಸ್ವಲ್ಪ ಎಡವುವವರು,
ರೊಟ್ಟಿ ಎತ್ತಿ, ಸ್ತೋತ್ರ ಮಾಡಿ, ಮುರಿದರು.
ಒಣಗಿದ ರೊಟ್ಟಿ. ಟಪ್ಪೆಂದಿತು.
ಆ ಸದ್ದು ನನಗೆ ಗೊತ್ತಿತ್ತು ಮಗಾ,
ದಿನಕ್ಕೆ ಸಾವಿರ ಸಲ ಕೇಳುವ ಸದ್ದು.
ನಮ್ಮಲ್ಲಿ ಅದು ಕೇಳಿಸಿದರೆ ಕೂಲಿ ಕಡಿಮೆ.
ಅಲ್ಲಿ, ಅದು ಕೇಳಿಸಿದ ಮೇಲೆಯೇ
ಎಲ್ಲರ ಪಾಲು ಶುರು.

ಎದ್ದು ಹೋದೆ. ಕೈ ಚಾಚಿದೆ.
ಅಯ್ಯನವರು ಬೆರಳು ನೋಡಿದ್ದು ನನಗೆ ಕಂಡಿತು.
ಏನೂ ಹೇಳಲಿಲ್ಲ. ತುಂಡು ಇಟ್ಟರು. ಅಷ್ಟೇ.
ದರ್ಶನ ಗಿರ್ಶನ ಏನೂ ಆಗಲಿಲ್ಲ.
ಸೋಮವಾರ ಬಸ್ಸು ತಪ್ಪಿತು.

ಆದರೆ ಅಂದಿನಿಂದ ಒಂದು ಅಭ್ಯಾಸ,
ಮುಷ್ಟಿ ಬೀಜಕ್ಕೆ ಒಂದು ಹೆಸರು.
ಈ ಮುಷ್ಟಿ ಯಮುನಕ್ಕನ ಮಗನಿಗೆ, ಪರೀಕ್ಷೆ ಉಂಟು.
ಇದು ಮೈಮೂನಾಳ ಹೆರಿಗೆಗೆ.
ಇದು ಐತಪ್ಪಣ್ಣನ ಬಿ.ಪಿ.ಗೆ, ನಮ್ಮೆಲ್ಲರ ಬಿ.ಪಿ. ಏರಿಸುವವನಿಗೆ.
ಇದು ನಿನ್ನ ಅಪ್ಪನಿಗೆ. ಎರಡು ಮುಷ್ಟಿ.
ತುಟಿ ಅಲುಗದಿದ್ದರೆ ಪ್ರಾರ್ಥನೆ ಅಂತ ಯಾರಿಗೂ ತಿಳಿಯುವುದಿಲ್ಲ.
ಕೈ ಮಾತ್ರ ನಿಲ್ಲಬಾರದು,
ಕಿಲೋ ಲೆಕ್ಕದ ಕೂಲಿ.

ತುಂಡಾದದ್ದನ್ನು ಬಿಸಾಡುವುದಿಲ್ಲ, ಆ ಮೂಲೆಯ ಡಬ್ಬಿ ನೋಡು.
ಇಡಿ ಬೀಜ ಹಡಗು ಹತ್ತಿ ಎಲ್ಲಿಗೋ ಹೋಗುತ್ತದೆ.
ತುಂಡು ಇಲ್ಲೇ ಉಳಿಯುತ್ತದೆ,
ಕ್ರಿಸ್ಮಸ್ಸಿಗೆ ನಿನ್ನ ಅಮ್ಮ ಮಾಡುವ ಕೇಕಿಗೆ,
ಯಾರದೋ ಮದುವೆಯ ಪಾಯಸಕ್ಕೆ.
ಉಪದೇಶ ಎಂದುಕೊಳ್ಳಬೇಡ.
ರೇಟು ಕಡಿಮೆಯೇ, ಅದೂ ನಿಜ.

ಮತ್ತೆ ಕೇಳು, ಕಾಲೇಜಿನ ಕಾಗದ ಹರಿಯಬೇಡ.
ಸ್ತ್ರೀ ಸಂಘದ ಪೆಟ್ಟಿಗೆಯಲ್ಲಿ ಸ್ವಲ್ಪ ಉಂಟು,
ಬೀಗದ ಕೈ ನನ್ನಲ್ಲಿ. ಮೀಟಿಂಗಿನಲ್ಲಿ ಕೇಳುತ್ತೇನೆ.
ಸಿಗುತ್ತದೆ ಎಂದಲ್ಲ. ಕೇಳುತ್ತೇನೆ.

ಎಲ್ಲಿ, ನಿನ್ನ ತಟ್ಟೆ ತೋರಿಸು.
ಅಯ್ಯೋ ದೇವರೇ.
ಇರಲಿ, ಇಡಿ ಬೀಜ ಹದಿನಾಲ್ಕು ಉಂಟು. ನಿನ್ನೆ ಒಂಬತ್ತು.
ನಿನ್ನ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ.
ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತುಕೋ.